ನೆನಪಿರುವ ಪ್ಲಾಸ್ಟಿಕ್ಕು, ಅದಕ್ಕೊಂದು ಚಿಟಿಕೆ ಕರಿಪುಡಿ

ಈ ಸಲದ ಪತ್ರದಲ್ಲಿ ಹಾಡುಗಳ ಪಟ್ಟಿಗಿಂತ ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆಯಬೇಕಾಗಿದೆ. ಬರೆಯುತ್ತೇನೆಂದು ಮಾತು ಕೊಟ್ಟಿದ್ದೇನೆ.

ಹೋದ ತಿಂಗಳು ಒಂದು ಭಾನುವಾರ ಫೋನ್-ಇನ್ ಮುಗಿಸಿ, ಕೊನೆಯ ಹಾಡು ಹಾಕಿ, ಹೆಡ್‌ಫೋನ್ ಕೆಳಗಿಡುವ ಹೊತ್ತಿಗೆ ಇನ್ನೊಂದು ಕರೆ ಬಂತು. "ಹಾಡು ಬೇಡಮ್ಮ, ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು" ಎಂದರು ಆ ಕಡೆಯ ಅಮ್ಮ. ಊರು ತೀರ್ಥಹಳ್ಳಿ ಕಡೆ, ಚೆನ್ನೈಗೆ ಬಂದು ಮೂವತ್ತು ವರ್ಷವಾಯಿತಂತೆ. ಮಗಳು ಹೈದರಾಬಾದಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಏನು ಓದುತ್ತೀಯೇ ಎಂದರೆ, "ಶೇಪ್ ಮೆಮರಿ ಪಾಲಿಮರ್‌ಗೆ ಕಾರ್ಬನ್ ನ್ಯಾನೋಟ್ಯೂಬ್ ಬೆರೆಸ್ತೀನಮ್ಮ" ಅನ್ನುತ್ತಾಳೆ. ಅಮ್ಮನಿಗೆ ಅದರಲ್ಲಿ ತಿಳಿದದ್ದು "ಬೆರೆಸ್ತೀನಮ್ಮ" ಅಷ್ಟೇ. ಮೂರು ವರ್ಷದಿಂದ ಭಾನುವಾರದ ಫೋನಿನಲ್ಲಿ ಊಟ ಆಯ್ತಾ, ಮಳೆ ಬಂತಾ, ಇಷ್ಟೇ ಮಾತು. ಈಗ ಪಕ್ಕದ ಮನೆಯವರು ಯಾರೋ, ಆ ಕರಿಪುಡಿ ಕಲ್ನಾರಿನ ಹಾಗೆ ಶ್ವಾಸಕೋಶಕ್ಕೆ ಕೆಟ್ಟದ್ದಂತೆ ಎಂದು ಹೇಳಿ ಹೋಗಿದ್ದಾರೆ. "ಅದೇನು ಅಂತ ಕನ್ನಡದಲ್ಲಿ ಹೇಳ್ತೀರಾ? ಆಮೇಲೆ ಆ ಪುಡಿ ವಿಷಯ ನಿಜಾನಾ ಅಂತಲೂ ಹೇಳಿ. ಅವಳನ್ನೇ ಕೇಳಿದರೆ ನಗ್ತಾಳೆ."

ನಾನು ಕನ್ನಡ ಬಿ.ಎ. ಓದಿದವಳು. ರಸಾಯನಶಾಸ್ತ್ರಕ್ಕೂ ನನಗೂ ಪಿಯುಸಿಯಲ್ಲೇ ಋಣ ಹರಿದಿತ್ತು. ಆದರೆ ಒಬ್ಬ ತಾಯಿ ಮಗಳ ಕೆಲಸ ಏನೆಂದು ತಿಳಿಯಬೇಕು ಅಂದಾಗ ಇಲ್ಲ ಅನ್ನುವುದು ಹೇಗೆ? ಓದಿದೆ, ತಿಳಿದವರನ್ನು ಕೇಳಿದೆ. ಮೊದಲ ಪಾಠ ಸಿಕ್ಕಿದ್ದು ನಮ್ಮ ಸ್ಟುಡಿಯೋದಲ್ಲೇ.

ನಮ್ಮ ಎಂಜಿನಿಯರ್ ಅವತ್ತು ಮೈಕಿನ ಕೇಬಲ್ ರಿಪೇರಿ ಮಾಡುತ್ತಿದ್ದರು. ಬೆಸುಗೆ ಹಾಕಿದ ಜಾಗದ ಮೇಲೆ ಕರಿಯದೊಂದು ಸಡಿಲ ಕೊಳವೆ ತೂರಿಸಿ, ಅದರ ಮೇಲೆ ಬಿಸಿಗಾಳಿ ಬಿಟ್ಟರು. ಕೊಳವೆ ನನ್ನ ಕಣ್ಣೆದುರೇ ಸೊರಗಿ, ತಂತಿಯನ್ನು ಬಿಗಿಯಾಗಿ ತಬ್ಬಿಕೊಂಡಿತು. "ನೀವು ಕೇಳ್ತಿದ್ದೀರಲ್ಲ ಮೇಡಂ, ಮೆಮರಿ ಪಾಲಿಮರ್ ಅಂದರೆ ಇದೇ" ಎಂದರು. ಹೀಟ್ ಶ್ರಿಂಕ್ ಸ್ಲೀವ್ ಅನ್ನುತ್ತಾರೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಗಜದ ಲೆಕ್ಕದಲ್ಲಿ ಸಿಗುತ್ತದೆ. ನಿಮ್ಮ ಮನೆಯ ಚಾರ್ಜರಿನ ಒಳಗೂ ಒಂದು ತುಂಡು ಇದ್ದೀತು.

ಆ ಕೊಳವೆ ಸೊರಗಿದ್ದು ಏಕೆ? ಕಾರ್ಖಾನೆಯಲ್ಲಿ ಅದು ಹುಟ್ಟಿದಾಗಲೇ ಸಣ್ಣ ಗಾತ್ರದ್ದು. ಪಾಲಿಥೀನಿನ ಕೊಳವೆ ಮಾಡಿ, ಅದರ ಮೇಲೆ ಎಲೆಕ್ಟ್ರಾನುಗಳ ಕಿರಣ ಹಾಯಿಸುತ್ತಾರೆ. ಪ್ಲಾಸ್ಟಿಕ್ ಅನ್ನುವುದು ಉದ್ದುದ್ದ ಸರಪಳಿಯಂಥ ಅಣುಗಳ ಗೋಜಲು. ಕಿರಣ ತಾಗಿದಾಗ ಸರಪಳಿ ಸರಪಳಿಗೆ ಅಲ್ಲಲ್ಲಿ ಗಂಟು ಬೀಳುತ್ತದೆ, ಮೀನಿನ ಬಲೆಗೆ ಗಂಟು ಇರುವ ಹಾಗೆ. ಆ ಗಂಟು ಬಿಸಿಗೂ ಬಿಚ್ಚುವುದಿಲ್ಲ. ಆಮೇಲೆ ಕೊಳವೆಯನ್ನು ಕಾಯಿಸಿ, ಹಿಗ್ಗಿಸಿ, ಹಿಗ್ಗಿಸಿದ ಹಾಗೇ ತಣ್ಣಗೆ ಮಾಡಿಬಿಡುತ್ತಾರೆ. ತಣ್ಣಗಾದ ಮೇಲೆ ಅದು ಅಗಲವಾಗಿಯೇ ನಿಲ್ಲುತ್ತದೆ, ಅಂಗಡಿಗೆ ಬರುತ್ತದೆ. ನಾವು ಮತ್ತೆ ಬಿಸಿ ತೋರಿಸಿದಾಗ ಹುಟ್ಟಿದ ಗಾತ್ರಕ್ಕೆ ಮರಳುತ್ತದೆ. 1957ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಾಲ್ ಕುಕ್ ಎಂಬುವರು ಶುರು ಮಾಡಿದ ರೇಕೆಮ್ ಎಂಬ ಕಂಪನಿ ಈ ಕೊಳವೆಯಿಂದಲೇ ದೊಡ್ಡದಾಯಿತು. ಆ ಕಾಲದಲ್ಲಿ ಇದನ್ನು ಯಾರೂ "ಸ್ಮಾರ್ಟ್" ವಸ್ತು ಎಂದು ಕರೆಯಲಿಲ್ಲ. ತಂತಿಗೆ ಹಾಕುವ ಕೊಳವೆ, ಅಷ್ಟೇ.

ಇದನ್ನು ಮನೆಯಲ್ಲೇ ಅರ್ಥ ಮಾಡಿಕೊಳ್ಳಲು ಒಂದು ಉಪಾಯ. ಒಂದು ರಬ್ಬರ್ ಬ್ಯಾಂಡನ್ನು ಎಳೆದು ಹಿಡಿಯಿರಿ. ಎಳೆದ ಹಾಗೇ ಕರಗಿದ ಮೇಣದಲ್ಲಿ ಅದ್ದಿ, ಮೇಣ ದಪ್ಪಗೆ ಗಟ್ಟಿಯಾಗುವ ತನಕ ಕೈ ಬಿಡಬೇಡಿ ಅಂದುಕೊಳ್ಳಿ. ಈಗ ಕೈ ಬಿಟ್ಟರೂ ಬ್ಯಾಂಡು ಕುಗ್ಗುವುದಿಲ್ಲ, ಮೇಣ ಹಿಡಿದುಕೊಂಡಿರುತ್ತದೆ. ಅದನ್ನು ಬಿಸಿನೀರಿಗೆ ಹಾಕಿದರೆ ಮೇಣ ಕರಗುತ್ತದೆ, ಬ್ಯಾಂಡು ಚಟ್ಟನೆ ಮೊದಲಿನಂತಾಗುತ್ತದೆ. ಆಕಾರ ನೆನಪಿಡುವ ಪಾಲಿಮರಿನಲ್ಲಿ ಈ ರಬ್ಬರೂ ಮೇಣವೂ ಒಂದೇ ವಸ್ತುವಿನೊಳಗೆ ಹೆಣೆದುಕೊಂಡಿರುತ್ತವೆ. ಬಿಚ್ಚದ ಗಂಟುಗಳು ಹುಟ್ಟಿದ ಆಕಾರವನ್ನು ಕಾಯುತ್ತವೆ. ನಡುವಿನ ಭಾಗಗಳು ತುಪ್ಪದ ಹಾಗೆ, ಚಳಿಗೆ ಗಟ್ಟಿ, ಬಿಸಿಗೆ ಸಡಿಲ. ಯಾವ ಉಷ್ಣತೆಯಲ್ಲಿ ಸಡಿಲವಾಗಬೇಕು ಎಂಬುದನ್ನು ರಸಾಯನಶಾಸ್ತ್ರಜ್ಞರು ಬೇಕಾದ ಹಾಗೆ ಹೊಂದಿಸಬಲ್ಲರು. ಮೈಬಿಸಿಗೆ ಸ್ವಲ್ಪ ಮೇಲಕ್ಕೆ ಬೇಕೇ, ಅಲ್ಲಿಗೆ. ಕುದಿಯುವ ನೀರಿನ ಬಿಸಿ ಬೇಕೇ, ಅಲ್ಲಿಗೆ.

ನೆನಪು ಅಂದರೆ ಇಷ್ಟೇನಾ ಎಂದು ನನಗೆ ಮೊದಲು ಸ್ವಲ್ಪ ನಿರಾಸೆಯೇ ಆಯಿತು. ಆದರೆ 2002ರಲ್ಲಿ ಆಂಡ್ರಿಯಾಸ್ ಲೆಂಡ್ಲೈನ್ ಮತ್ತು ರಾಬರ್ಟ್ ಲ್ಯಾಂಗರ್ ಪ್ರಕಟಿಸಿದ ಕೆಲಸವನ್ನು ಓದಿದ ಮೇಲೆ ಅಭಿಪ್ರಾಯ ಬದಲಾಯಿತು. ಈ ಲ್ಯಾಂಗರ್ ಮುಂದೆ, 2010ರಲ್ಲಿ, ಮಾಡರ್ನಾ ಕಂಪನಿ ಕಟ್ಟಿದವರಲ್ಲಿ ಒಬ್ಬರು. ಕೋವಿಡ್ ಲಸಿಕೆಯಿಂದ ಆ ಹೆಸರು ನಿಮಗೆ ಪರಿಚಯ ಇರಬಹುದು. ಇವರಿಬ್ಬರು ಮಾಡಿದ್ದು ಗಾಯಕ್ಕೆ ಹೊಲಿಗೆ ಹಾಕುವ ಒಂದು ದಾರ. ದೇಹದೊಳಗೆ ಹೊಲಿಗೆ ಹಾಕುವಾಗ, ಅದರಲ್ಲೂ ಸಣ್ಣ ತೂತಿನ ಮೂಲಕ ಶಸ್ತ್ರಕ್ರಿಯೆ ಮಾಡುವಾಗ, ಗಂಟನ್ನು ಸರಿಯಾದ ಬಿಗಿಗೆ ಎಳೆಯುವುದು ಕಷ್ಟ. ಹೆಚ್ಚು ಬಿಗಿದರೆ ಸುತ್ತಲ ಮಾಂಸ ಸಾಯುತ್ತದೆ, ಸಡಿಲ ಬಿಟ್ಟರೆ ಗಾಯ ಬಾಯಿ ಬಿಡುತ್ತದೆ. ಇವರ ದಾರದಲ್ಲಿ ಸಡಿಲವಾಗಿ ಗಂಟು ಹಾಕಿ, ಸುಮಾರು 40 ಡಿಗ್ರಿಗೆ ಬಿಸಿ ಮಾಡಿದರೆ ದಾರ ತಾನೇ ಕುಗ್ಗಿ ಗಂಟನ್ನು ಬಿಗಿಮಾಡುತ್ತದೆ. ಎಷ್ಟು ಬಿಗಿಯಬೇಕು ಎಂಬುದು ದಾರಕ್ಕೆ ಮೊದಲೇ ಕಲಿಸಿಟ್ಟದ್ದು. ಕೆಲಸ ಮುಗಿದ ಮೇಲೆ ದೇಹದೊಳಗೇ ಕರಗಿಹೋಗುತ್ತದೆ. ಇಲಿಗಳ ಮೇಲೆ ಮಾಡಿ ತೋರಿಸಿದ್ದರು.

ಹಾಗಾದರೆ ಕರಿಪುಡಿ ಏಕೆ ಬೇಕು? ಇಲ್ಲಿಂದ ಮುಂದಿನದು ಆ ಅಮ್ಮನ ಮಗಳ ವಿಷಯ.

ಆಕಾರ ನೆನಪಿಡುವ ಲೋಹವೂ ಒಂದು ಇದೆ, ನಿಟಿನಾಲ್ ಎಂದು ಅದರ ಹೆಸರು. ನಿಕ್ಕಲ್ ಮತ್ತು ಟೈಟಾನಿಯಂ ಬೆರಕೆ. ಎಷ್ಟು ಬಗ್ಗಿಸಿದರೂ ಸರಿಹೋಗುವ ಕನ್ನಡಕದ ಫ್ರೇಮು, ಕಾಲಿನ ರಕ್ತನಾಳದೊಳಗೆ ತಾನೇ ಅರಳುವ ಸ್ಟೆಂಟು, ಇವುಗಳಲ್ಲಿ ಇರುತ್ತದೆ. ಲೋಹವೂ ಪಾಲಿಮರೂ ಪಕ್ಕಪಕ್ಕ ಇಟ್ಟರೆ ಸ್ವಭಾವ ಪೂರ್ತಿ ಉಲ್ಟಾ. ನಿಟಿನಾಲನ್ನು ನೂರಕ್ಕೆ 8 ಭಾಗದಷ್ಟು ಹಿಗ್ಗಿಸಬಹುದು, ಅದಕ್ಕಿಂತ ಹೆಚ್ಚಾದರೆ ಪೂರ್ತಿ ಮರಳುವುದಿಲ್ಲ. ಪಾಲಿಮರು ತನ್ನ ಉದ್ದದ ಎರಡು ಪಟ್ಟು, ಮೂರು ಪಟ್ಟು ಎಳೆದರೂ ಮರಳಿ ಬರುತ್ತದೆ. ಹಗುರ, ಅಗ್ಗ. ಆದರೆ ಮರಳುವಾಗ ಅದರಲ್ಲಿ ಕಸುವಿಲ್ಲ. ಒಂದು ಚದರ ಸೆಂಟಿಮೀಟರ್ ದಪ್ಪದ ಪಾಲಿಮರ್ ಕಡ್ಡಿ ಕುಗ್ಗುವಾಗ ಎಳೆಯಬಲ್ಲ ಭಾರ ಸಾಮಾನ್ಯವಾಗಿ ಹತ್ತರಿಂದ ಮೂವತ್ತು ಕಿಲೋ. ಅಷ್ಟೇ ದಪ್ಪದ ನಿಟಿನಾಲ್ ಸಾವಿರಾರು ಕಿಲೋ ಎಳೆದೀತು. ಎದುರಿಗೆ ಯಾವುದಾದರೂ ಸಣ್ಣ ಅಡ್ಡಿ ಬಂದರೆ ಪಾಲಿಮರು ಅರ್ಧದಾರಿಯಲ್ಲೇ ನಿಂತುಬಿಡುತ್ತದೆ. ದಾರಿ ನೆನಪಿದೆ, ನಡೆಯಲು ಕಾಲಿಗೆ ಬಲ ಸಾಲದು.

ಎರಡನೆಯ ತೊಂದರೆ, ಬಿಸಿ ಮುಟ್ಟಿಸುವುದು. ಪ್ಲಾಸ್ಟಿಕ್ಕಿನಲ್ಲಿ ಬಿಸಿ ಹರಿಯುವುದು ತೀರ ನಿಧಾನ. ಕುಕ್ಕರಿನ ಹಿಡಿಗೆ ಅದಕ್ಕೇ ಪ್ಲಾಸ್ಟಿಕ್ ಹಾಕುತ್ತಾರೆ. ಹೊರಗಿನಿಂದ ಕಾಯಿಸಿದರೆ ಮೇಲ್ಮೈ ಬಿಸಿಯಾಗಿ ಒಳಗು ತಣ್ಣಗೇ ಇರುತ್ತದೆ. ಮೇಜಿನ ಮೇಲಿನ ಕೇಬಲ್ಲಿಗಾದರೆ ಬಿಸಿಗಾಳಿ ಊದಬಹುದು. ರಕ್ತನಾಳದೊಳಗೆ ಊದುವವರು ಯಾರು? ಭೂಮಿಯಿಂದ ನೂರಾರು ಕಿಲೋಮೀಟರ್ ಮೇಲಿರುವ ಉಪಗ್ರಹದ ರೆಕ್ಕೆಗೆ?

ಇವೆರಡಕ್ಕೂ ಒಂದೇ ಮದ್ದು ಎಂದು ಜನ ನೋಡಿದ್ದು ಕಾರ್ಬನ್ ನ್ಯಾನೋಟ್ಯೂಬನ್ನು.

ಪೆನ್ಸಿಲಿನ ಸೀಸ ಅನ್ನುತ್ತೇವಲ್ಲ, ಅದರಲ್ಲಿರುವುದು ಗ್ರಾಫೈಟು, ಇಂಗಾಲದ ತೆಳು ಹಾಳೆಗಳ ಕಟ್ಟು. ಅಂಥ ಒಂದೇ ಒಂದು ಹಾಳೆಯನ್ನು ಚಾಪೆಯ ಹಾಗೆ ಸುತ್ತಿ ಕೊಳವೆ ಮಾಡಿದರೆ ಅದೇ ನ್ಯಾನೋಟ್ಯೂಬು. ದಪ್ಪ ಸುಮಾರು ಒಂದು ನ್ಯಾನೋಮೀಟರ್, ನಮ್ಮ ತಲೆಗೂದಲಿನ ದಪ್ಪದ ಹತ್ತಾರು ಸಾವಿರದಲ್ಲಿ ಒಂದು ಪಾಲು. ಒಂದರೊಳಗೆ ಒಂದರಂತೆ ಹಲವು ಕೊಳವೆ ಸೇರಿದ ಜಾತಿಯೂ ಉಂಟು, ಅವು ಹತ್ತಿಪ್ಪತ್ತು ನ್ಯಾನೋಮೀಟರ್ ದಪ್ಪ. ಉದ್ದ ಮಾತ್ರ ದಪ್ಪಕ್ಕಿಂತ ನೂರಾರು, ಸಾವಿರಾರು ಪಟ್ಟು. 1991ರಲ್ಲಿ ಜಪಾನಿನ ಎನ್‌ಇಸಿ ಕಂಪನಿಯ ಪ್ರಯೋಗಾಲಯದಲ್ಲಿ ಸುಮಿಯೋ ಇಜಿಮಾ ಇವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದ ಮೇಲೆ ಜಗತ್ತು ಇತ್ತ ತಿರುಗಿತು. ಇಂಥ ಕೊಳವೆಗಳ ಚಿತ್ರವನ್ನು 1952ರಲ್ಲೇ ಇಬ್ಬರು ಸೋವಿಯತ್ ವಿಜ್ಞಾನಿಗಳು ಪ್ರಕಟಿಸಿದ್ದರು. ರಷ್ಯನ್ ಭಾಷೆಯಲ್ಲಿತ್ತು, ಹೊರಗೆ ಯಾರೂ ಗಮನಿಸಲಿಲ್ಲ. ಭಾಷೆಯ ಕಷ್ಟ ಆ ಅಮ್ಮನೊಬ್ಬರದೇ ಅಲ್ಲ ನೋಡಿ.

ಎಳೆತಕ್ಕೆ ಜಗ್ಗದಿರುವ ಗುಣದಲ್ಲಿ ಇದು ಉಕ್ಕಿನ ಸುಮಾರು ಐದು ಪಟ್ಟು, ತೂಕದಲ್ಲಿ ಉಕ್ಕಿನ ಕಾಲು ಪಾಲಿಗಿಂತ ಸ್ವಲ್ಪ ಆಚೀಚೆ. ವಿದ್ಯುತ್ ಹರಿಸುತ್ತದೆ. ಒಂಟಿ ಕೊಳವೆಯಲ್ಲಿ ಬಿಸಿ ಹರಿಯುವುದು ತಾಮ್ರಕ್ಕಿಂತ ಹಲವು ಪಟ್ಟು ಸರಾಗ.

ಉಕ್ಕು ಅಂದೆನಲ್ಲ, ಬಿ.ಎ. ಕನ್ನಡದವಳಿಗೆ ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಹಿಂದೆ ದಕ್ಷಿಣ ಭಾರತದಿಂದ ಅರಬ್ ನಾಡಿಗೆ ಹೋಗುತ್ತಿದ್ದ ಹೆಸರಾಂತ ಉಕ್ಕಿಗೆ ಯೂರೋಪಿನವರು "ವೂಟ್ಸ್" ಎನ್ನುತ್ತಾರೆ. ಆ ಹೆಸರು ನಮ್ಮ "ಉಕ್ಕು" ಎಂಬ ಮಾತಿನಿಂದಲೇ ಬಂದದ್ದೆಂದು ಹಲವು ವಿದ್ವಾಂಸರ ಅಭಿಪ್ರಾಯ. ಇಂಥ ಉಕ್ಕಿನಿಂದಲೇ ಡಮಾಸ್ಕಸ್ ಕತ್ತಿಗಳಾಗುತ್ತಿದ್ದವು. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ವಿಜ್ಞಾನಿಗಳು 17ನೇ ಶತಮಾನದ ಅಂಥ ಒಂದು ಕತ್ತಿಯ ಚೂರನ್ನು ಆಮ್ಲದಲ್ಲಿ ಕರಗಿಸಿ ನೋಡಿದಾಗ ಅದರೊಳಗೆ ಕಾರ್ಬನ್ ನ್ಯಾನೋಟ್ಯೂಬು ಕಂಡಿತೆಂದು ಬರೆದರು. ಎಲ್ಲರೂ ಒಪ್ಪಿಲ್ಲ. ಆ ಕಮ್ಮಾರರಂತೂ ಸೂಕ್ಷ್ಮದರ್ಶಕ ಇಟ್ಟುಕೊಂಡಿರಲಿಲ್ಲ. ಇರಲಿ, ನಮ್ಮ ಪಾಲಿಮರಿಗೆ ಬರೋಣ.

ಮಣ್ಣಿನ ಗೋಡೆ ಕಟ್ಟುವಾಗ ಮಣ್ಣಿಗೆ ಹುಲ್ಲು ಕತ್ತರಿಸಿ ಬೆರೆಸುವುದನ್ನು ನಮ್ಮೂರಲ್ಲಿ ನೋಡಿದ್ದೀರಿ. ಇಲ್ಲೂ ಲೆಕ್ಕ ಅದೇ. 2004ರಲ್ಲಿ ಅಮೆರಿಕದ ವಾಯುಪಡೆಯ ಸಂಶೋಧನಾಲಯದಲ್ಲಿ ಹಿಲ್ಮಾರ್ ಕೋರ್ನರ್, ರಿಚರ್ಡ್ ವಾಯಾ ಮತ್ತು ಅವರ ಜೊತೆಗಾರರು ರಬ್ಬರಿನಂಥ ಒಂದು ಪಾಲಿಮರಿಗೆ ಗಾತ್ರದಲ್ಲಿ ನೂರಕ್ಕೆ 1ರಿಂದ 5 ಭಾಗ ನ್ಯಾನೋಟ್ಯೂಬು ಬೆರೆಸಿದರು. ಬಿಸಿಯಾಗಿ ಮೆತ್ತಗಿರುವಾಗಲೂ ಅದರ ಗಡಸುತನ ಎರಡರಿಂದ ಐದು ಪಟ್ಟು ಹೆಚ್ಚಿತು. ಮರಳುವಾಗಿನ ಕಸುವು ಬರೀ ಪಾಲಿಮರಿಗಿಂತ ನೂರಕ್ಕೆ 50ರವರೆಗೆ ಹೆಚ್ಚಾಯಿತು. ಬಗ್ಗಿಸಿದ ಆಕಾರದಲ್ಲಿ ನಿಲ್ಲುವ ಶಕ್ತಿಯೂ ಸುಧಾರಿಸಿತು. ಐವತ್ತು ಭಾಗ ಅಂದರೆ ಹತ್ತು ಕಿಲೋ ಎಳೆಯುತ್ತಿದ್ದದ್ದು ಹದಿನೈದು ಎಳೆಯಿತು ಅಷ್ಟೇ, ನಿಟಿನಾಲಿನ ಹತ್ತಿರವೂ ಸುಳಿಯಲಿಲ್ಲ.

ನನ್ನ ಮಟ್ಟಿಗೆ ಆ ಪ್ರಯೋಗದ ಸ್ವಾರಸ್ಯ ಬೇರೆ ಕಡೆ ಇದೆ. ನ್ಯಾನೋಟ್ಯೂಬು ಅಪ್ಪಟ ಕಪ್ಪು. ಬಿಸಿಲಿನಲ್ಲಿ ಕರಿಕೊಡೆ ಹೇಗೆ ಕಾಯುತ್ತದೋ ಹಾಗೆ ಅದು ಬೆಳಕನ್ನು ಹೀರಿ ಬಿಸಿಯಾಗುತ್ತದೆ. ಅವರು ಎಳೆದು ನಿಲ್ಲಿಸಿದ ಪಟ್ಟಿಯ ಮೇಲೆ ದೂರದಿಂದ ಅವಕೆಂಪು ಬೆಳಕು ಬಿಟ್ಟರು. ಟಿವಿ ರಿಮೋಟಿನಿಂದ ಹೊರಡುವ, ಕಣ್ಣಿಗೆ ಕಾಣದ ಬೆಳಕಿನ ಜಾತಿ ಅದು. ಪಾಲಿಮರಿನೊಳಗೆ ಹರಡಿದ್ದ ಕೊಳವೆಗಳು ಬೆಳಕನ್ನು ಕುಡಿದು ಸುತ್ತಲಿನ "ತುಪ್ಪ"ವನ್ನು ಕರಗಿಸಿದವು. ಮುಟ್ಟದೆಯೇ ಪಟ್ಟಿ ತನ್ನ ಆಕಾರಕ್ಕೆ ಹೊರಟಿತು. ಬೆಳಕು ಬಿದ್ದ ಮಗ್ಗುಲು ಮೊದಲು ಕುಗ್ಗುವುದರಿಂದ ಬೆಳಕಿನ ಕಡೆಗೇ ಸುರುಳಿಯಾಗಿ ಬಾಗುತ್ತಿತ್ತು. ಬಿಸಿ ಹೊರಗಿನಿಂದ ಒಳಕ್ಕೆ ನಡೆದುಹೋಗಬೇಕಾದ ಪ್ರಮೇಯ ಎಷ್ಟೋ ಕಡಿಮೆಯಾಯಿತು.

ವಿದ್ಯುತ್ತಿನಿಂದಲೂ ಹೀಗೇ ಮಾಡಬಹುದು. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ ತಾನೇ? ಇಲ್ಲಿ ನಮ್ಮ ಚೆನ್ನೈ ಬಸ್ಸನ್ನು ನೆನಪಿಸಿಕೊಳ್ಳಿ. ಕಂಡಕ್ಟರು ಹಿಂದಿನ ಬಾಗಿಲ ಬಳಿ ತಮ್ಮ ಸೀಟಿನಲ್ಲಿ ಕೂತಿರುತ್ತಾರೆ. ನೀವು ಮುಂದೆ ನಿಂತಿದ್ದೀರಿ. ದುಡ್ಡನ್ನು ಪಕ್ಕದವರ ಕೈಗೆ ಕೊಡುತ್ತೀರಿ, ಅವರು ಅವರ ಪಕ್ಕದವರಿಗೆ, ಹೀಗೆ ಕೈಯಿಂದ ಕೈಗೆ ಹೋಗಿ ಟಿಕೆಟ್ಟು ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಬಸ್ಸಿನಲ್ಲಿ ನಾಲ್ಕೇ ಜನ ಇದ್ದರೆ ಇದು ನಡೆಯದು, ಕೈಗೆ ಕೈ ಎಟುಕುವುದಿಲ್ಲ. ಜನ ಒಂದೊಂದಾಗಿ ಹತ್ತುತ್ತಾ ಹೋದರೆ ಯಾವುದೋ ಒಂದು ಹಂತದಲ್ಲಿ, ಒಮ್ಮೆಗೇ, ಈ ತುದಿಯಿಂದ ಆ ತುದಿಗೆ ದಾರಿ ಕೂಡಿಕೊಳ್ಳುತ್ತದೆ. ಪಾಲಿಮರಿನೊಳಗೆ ನ್ಯಾನೋಟ್ಯೂಬುಗಳ ಕಥೆಯೂ ಇದೇ. ಒಂದು ಮಿತಿಯವರೆಗೆ ಏನೂ ಹರಿಯದು, ಅದನ್ನು ದಾಟಿದ ಕೂಡಲೇ ಕರೆಂಟು ಹರಿಯುತ್ತದೆ. ಇವು ಉದ್ದ ಕೈಯವರಾದ್ದರಿಂದ ಕಡಿಮೆ ಮಂದಿ ಸಾಕು, ಎಷ್ಟೋ ಸಲ ನೂರಕ್ಕೆ ಒಂದು ಭಾಗದಷ್ಟರಲ್ಲೇ ಆಗಿಬಿಡುತ್ತದೆ. ಮಸಿಯಂಥ ಗುಂಡುಕಣಗಳಾದರೆ ಎಷ್ಟೋ ಹೆಚ್ಚು ಬೇಕು. ಕರೆಂಟು ಹರಿದರೆ ಇಸ್ತ್ರಿಪೆಟ್ಟಿಗೆಯ ಹಾಗೆ ಒಳಗಿನಿಂದಲೇ ಬಿಸಿ. ವಸ್ತುವೇ ಹೀಟರು.

ಮರುವರ್ಷ, 2005ರಲ್ಲಿ, ದಕ್ಷಿಣ ಕೊರಿಯಾದ ಒಂದು ತಂಡ ಪಾಲಿಯುರೆಥೇನ್ ಎಂಬ ಪಾಲಿಮರಿನಲ್ಲಿ ಇದನ್ನು ಮಾಡಿ ತೋರಿಸಿತು. ಆ ಕೆಲಸದಲ್ಲಿ ನಮ್ಮ ಅಮ್ಮನ ಮಗಳ ನಿಜವಾದ ತಲೆನೋವು ಏನೆಂದು ಗೊತ್ತಾಗುತ್ತದೆ. ನ್ಯಾನೋಟ್ಯೂಬುಗಳಿಗೆ ಒಂದರ ಮೇಲೊಂದಕ್ಕೆ ಬಹಳ ಪ್ರೀತಿ. ಅಂಟಿಕೊಂಡು ಗಂಟುಗಂಟಾಗಿ ಕೂರುತ್ತವೆ. ರಾಗಿ ಮುದ್ದೆ ತೊಳೆಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಿಟ್ಟು ಎಷ್ಟು ಚೆನ್ನಾಗಿದ್ದರೇನು, ಗಂಟಾದರೆ ಆ ಜಾಗದಲ್ಲಿ ಹಿಟ್ಟು ಹಿಟ್ಟಾಗಿಯೇ ಉಳಿಯುತ್ತದೆ, ಮುದ್ದೆ ಅಲ್ಲೇ ಒಡೆಯುತ್ತದೆ. ಪಾಲಿಮರಿನಲ್ಲೂ ಗಂಟು ಇರುವ ಜಾಗದಿಂದಲೇ ಬಿರುಕು. ಗಂಟು ಬಿಡಿಸಲು ನೈಟ್ರಿಕ್, ಸಲ್ಫ್ಯೂರಿಕ್ ಆಮ್ಲಗಳಲ್ಲಿ ಕೊಳವೆಗಳನ್ನು ನೆನೆಸುವುದು ಒಂದು ಕ್ರಮ. ಆಮ್ಲ ಅವುಗಳ ಮೈಯನ್ನು ಸ್ವಲ್ಪ ತರಚುತ್ತದೆ, ತರಚಿದ ಜಾಗದಲ್ಲಿ ಪಾಲಿಮರು ಹಿಡಿದುಕೊಳ್ಳಲು ಕೊಕ್ಕೆಗಳು ಹುಟ್ಟುತ್ತವೆ. ಬಲ ಹೆಚ್ಚಾಗುತ್ತದೆ. ಆದರೆ ಕರೆಂಟು ಹರಿಯಲು ನುಣುಪಾದ ಮೈ ಬೇಕಲ್ಲ! ಕೊರಿಯಾದವರು ಕಂಡದ್ದು ಅದನ್ನೇ. ಆಮ್ಲದಲ್ಲಿ ತೊಳೆದ ಕೊಳವೆ ಹಾಕಿದರೆ ವಸ್ತು ಗಟ್ಟಿಯಾಯಿತು, ವಿದ್ಯುತ್ ಹರಿವು ಕುಗ್ಗಿತು, ಹರಿದುಹೋಗುವ ಮುಂಚೆ ಎಳೆಯಬಹುದಾದ ಉದ್ದವೂ ಕಡಿಮೆಯಾಯಿತು. ತೂಕದಲ್ಲಿ ನೂರಕ್ಕೆ 5 ಭಾಗ ಹಾಕಿದಾಗ ಕರೆಂಟಿನಿಂದ ಆಕಾರವೇನೋ ಮರಳಿತು. ಕೊಟ್ಟ ವಿದ್ಯುತ್ತಿನಲ್ಲಿ ಕೆಲಸಕ್ಕೆ ಬಂದದ್ದು ನೂರಕ್ಕೆ 10.4 ಭಾಗ.

ಗಂಟು ಬಿಡಿಸುವ ಇನ್ನೊಂದು ದಾರಿ ನಮ್ಮ ಕಸುಬಿಗೆ ಹತ್ತಿರದ್ದು: ಶಬ್ದ. ದ್ರವದಲ್ಲಿ ಕೊಳವೆಗಳನ್ನು ಹಾಕಿ, ಕಿವಿಗೆ ಕೇಳಿಸದ ಶ್ರವಣಾತೀತ ಶಬ್ದದಿಂದ, ಅಂದರೆ ಸೆಕೆಂಡಿಗೆ ಇಪ್ಪತ್ತು ಸಾವಿರ ಕಂಪನದ ಆಸುಪಾಸಿನಲ್ಲಿ, ಅಲುಗಾಡಿಸುತ್ತಾರೆ. ಗಂಟು ಬಿಡುತ್ತದೆ. ಜಾಸ್ತಿ ಹೊತ್ತು ಅಲುಗಾಡಿಸಿದರೆ ಕೊಳವೆಗಳೇ ತುಂಡಾಗುತ್ತವೆ, ಉದ್ದ ಕೈ ಮೋಟಾಗುತ್ತದೆ. ಇನ್ನು ಬಲ ಬೇಕೆಂದು ಕೊಳವೆಗಳನ್ನು ಸುರಿಯುತ್ತಾ ಹೋದರೆ ಕರಗಿದ ಪಾಲಿಮರು ತಿರುವಲಾಗದಷ್ಟು ಮಂದವಾಗುತ್ತದೆ. ಸರಪಳಿಗಳಿಗೆ ಓಡಾಡಲು ಜಾಗವಿಲ್ಲದೆ ಹಳೆಯ ಆಕಾರಕ್ಕೆ ಪೂರ್ತಿ ಮರಳುವುದೂ ಕಷ್ಟವಾಗುತ್ತದೆ. ಎಷ್ಟು ಹಾಕಬೇಕು, ಹೇಗೆ ಬೆರೆಸಬೇಕು, ಎಷ್ಟು ಹೊತ್ತು? ಪಿಎಚ್.ಡಿ.ಯ ಮೂರು ನಾಲ್ಕು ವರ್ಷ ಹೋಗುವುದು ಇದರಲ್ಲೇ.

ಬಲದ ವಿಷಯದಲ್ಲಿ ದೊಡ್ಡ ನೆಗೆತ ಕಂಡದ್ದು 2007ರಲ್ಲಿ, ಫ್ರಾನ್ಸಿನ ಬೋರ್ಡೋದಲ್ಲಿ. ಫಿಲಿಪ್ ಪೂಲಾನ್ ಅವರ ತಂಡ ಪಾಲಿವಿನೈಲ್ ಆಲ್ಕೋಹಾಲ್ ಎಂಬ ಪಾಲಿಮರನ್ನೂ ನ್ಯಾನೋಟ್ಯೂಬನ್ನೂ ಸೇರಿಸಿ ನೂಲು ತೆಗೆಯಿತು. ಬಿಸಿಯಲ್ಲಿ ಎಳೆದು ನಿಲ್ಲಿಸಿದ ಆ ನೂಲು ಮರಳುವಾಗ ತೋರಿಸಿದ ಕಸುವು ಮಾಮೂಲಿ ಪಾಲಿಮರುಗಳ ನೂರು ಪಟ್ಟಿನವರೆಗೆ ಇತ್ತು. ಇನ್ನೊಂದು ವಿಚಿತ್ರ: ಆ ನೂಲಿಗೆ ಆಕಾರದ ಜೊತೆಗೆ ಬಿಸಿಯೂ ನೆನಪಿತ್ತು. ಯಾವ ಉಷ್ಣತೆಯಲ್ಲಿ ಅದನ್ನು ಎಳೆದಿದ್ದರೋ, ಮತ್ತೆ ಕಾಯಿಸುವಾಗ ಅದೇ ಉಷ್ಣತೆ ಬಂದಾಗ ಅದರ ಎಳೆತ ಅತಿ ಹೆಚ್ಚಾಗುತ್ತಿತ್ತು. 90ರಲ್ಲಿ ಎಳೆದಿದ್ದರೆ 90ರ ಹತ್ತಿರ, 120ರಲ್ಲಿ ಎಳೆದಿದ್ದರೆ 120ರ ಹತ್ತಿರ. ಈ ಸಂಖ್ಯೆಗಳು ಉದಾಹರಣೆಗೆ ನಾನು ಹೇಳಿದ್ದು. ಕೊಳವೆಗಳ ಅಕ್ಕಪಕ್ಕದ ಸರಪಳಿಗಳು ಸ್ವಲ್ಪ ಬಿಗಿ, ದೂರದವು ಸ್ವಲ್ಪ ಸಡಿಲ ಆಗಿರುವುದರಿಂದ, "ತುಪ್ಪ" ಒಂದೇ ಉಷ್ಣತೆಯಲ್ಲಿ ಕರಗದೆ ಒಂದು ಹರವಿನಲ್ಲಿ ಮೆಲ್ಲಗೆ ಸಡಿಲವಾಗುತ್ತದೆ. ಎಳೆದ ಬಿಸಿಯ ಗುರುತು ಆ ಹರವಿನಲ್ಲಿ ಉಳಿಯುತ್ತದೆ. ಇದನ್ನು ಓದಿದ ದಿನ ನಾನು ಎಂಜಿನಿಯರ್ ಬಳಿ ಓಡಿಹೋಗಿ ಹೇಳಿದೆ. ಅವರು ನೂಲು ಎಷ್ಟು ಉದ್ದ ಸಿಗುತ್ತದೆ, ಗಜಕ್ಕೆ ಎಷ್ಟು ಎಂದು ಕೇಳಿದರು.

ಅಂಗಡಿಯಲ್ಲಿ ಅದಿನ್ನೂ ಸಿಗುವುದಿಲ್ಲ ಸಾರ್. ನ್ಯಾನೋಟ್ಯೂಬು ಬೆರೆತ ನೆನಪಿನ ಪಾಲಿಮರು ಬಹುಮಟ್ಟಿಗೆ ಇಂದಿಗೂ ಪ್ರಯೋಗಾಲಯದ ವಸ್ತುವೇ. ಇಂದು ನ್ಯಾನೋಟ್ಯೂಬು ಟನ್ನುಗಟ್ಟಲೆ ಹೋಗುತ್ತಿರುವುದು ಬೇರೆ ಕಡೆ, ಫೋನು ಮತ್ತು ವಿದ್ಯುತ್ ವಾಹನಗಳ ಲಿಥಿಯಂ ಬ್ಯಾಟರಿಗಳಿಗೆ. ಅಲ್ಲಿಯೂ ಅದೇ ಬಸ್ಸಿನ ಲೆಕ್ಕ, ಕೈಯಿಂದ ಕೈಗೆ ಕರೆಂಟು ದಾಟಿಸುವುದು. ನೆನಪಿನ ಪಾಲಿಮರು ತನ್ನ ದಾರಿಯಲ್ಲಿ ಬೇರೆಯಾಗಿ ಮುಂದೆ ಹೋಗಿದೆ. 2020ರ ಜನವರಿಯಲ್ಲಿ ಚೀನಾದ ಶಿಜಿಯಾನ್-20 ಉಪಗ್ರಹದಲ್ಲಿ ಮಡಿಸಿಟ್ಟಿದ್ದ ಸೌರಫಲಕವೊಂದನ್ನು ಇಂಥ ಪಾಲಿಮರಿನ ತೋಳುಗಳು ಬಿಸಿಯಾಗಿ ಬಿಡಿಸಿದವು. ಹಾರ್ಬಿನ್ನಿನ ವಿಜ್ಞಾನಿಗಳು ಮಾಡಿದ ಆ ತೋಳುಗಳಿಗೆ ಬಲ ಕೊಟ್ಟದ್ದು ನ್ಯಾನೋಟ್ಯೂಬಲ್ಲ, ನಾವು ಬ್ಯಾಡ್ಮಿಂಟನ್ ರ್‍ಯಾಕೆಟ್ಟಿನಲ್ಲಿ ನೋಡುವ ಕಾರ್ಬನ್ ನೂಲು. ದೊಡ್ಡ ವಸ್ತುವಿಗೆ ದೊಡ್ಡ ನೂಲೇ ವಾಸಿ. ಸಣ್ಣದಕ್ಕೆ, ಅಂದರೆ ಔಷಧ ಬಿಡುವ ಸಣ್ಣ ಕವಾಟ, ಬೆರಳ ತುದಿಯಷ್ಟು ಹಿಡಿಕೆ, ಬಟ್ಟೆಯೊಳಗಿನ ನೂಲು, ಇಂಥವಕ್ಕೆ ನ್ಯಾನೋಟ್ಯೂಬೇ ಹೊಂದೀತು ಎಂದು ನನಗೆ ತೋರುತ್ತದೆ.

ಇನ್ನು ಅಮ್ಮನ ಎರಡನೆಯ ಪ್ರಶ್ನೆ. ಪಕ್ಕದ ಮನೆಯವರು ಸುಳ್ಳು ಹೇಳಿಲ್ಲ. 2008ರಲ್ಲಿ ಬ್ರಿಟನ್ನಿನ ಎಡಿನ್‌ಬರೋದಲ್ಲಿ ವಿಜ್ಞಾನಿಗಳು ನ್ಯಾನೋಟ್ಯೂಬನ್ನು ಇಲಿಗಳ ಹೊಟ್ಟೆಯ ಪೊರೆಯೊಳಗೆ ಹಾಕಿ ನೋಡಿದರು. ಉದ್ದವಾದ, ನೆಟ್ಟಗಿರುವ ಕೊಳವೆಗಳು ಕಲ್ನಾರಿನ ಉದ್ದ ಎಳೆಗಳ ಹಾಗೆಯೇ ಉರಿಯೂತ ಎಬ್ಬಿಸಿದವು. ಗಿಡ್ಡವಾದ, ಸಿಕ್ಕುಸಿಕ್ಕಾದ ಕೊಳವೆಗಳು ಹಾಗೆ ಮಾಡಲಿಲ್ಲ. ದೇಹದ ಕಸ ಗುಡಿಸುವ ಜೀವಕೋಶಗಳಿಗೆ ಗಿಡ್ಡದ್ದನ್ನು ನುಂಗಲು ಬರುತ್ತದೆ, ಉದ್ದದ್ದು ಗಂಟಲಿಗೆ ಮೀನಿನ ಮುಳ್ಳಿನಂತೆ ಸಿಕ್ಕಿಕೊಳ್ಳುತ್ತದೆ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಹಲವು ಪದರದ ಒಂದು ನಿರ್ದಿಷ್ಟ ಜಾತಿಯನ್ನು "ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳದ್ದು" ಎಂಬ ಗುಂಪಿಗೆ ಸೇರಿಸಿತು. ಉಳಿದ ಜಾತಿಗಳ ಬಗ್ಗೆ ತೀರ್ಮಾನಿಸಲು ಪುರಾವೆ ಸಾಲದು ಎಂದಿತು. ಅದಕ್ಕೂ ಒಂದು ವರ್ಷ ಮೊದಲು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ, ಕೆಲಸದ ಜಾಗದ ಗಾಳಿಯಲ್ಲಿ ಒಂದು ಘನ ಮೀಟರಿಗೆ 1 ಮೈಕ್ರೋಗ್ರಾಮಿಗಿಂತ ಹೆಚ್ಚು ಇರಬಾರದೆಂದು ಸಲಹೆ ಮಾಡಿತ್ತು. ಮೈಕ್ರೋಗ್ರಾಂ ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು.

ಅಪಾಯ ಇರುವುದು ಒಣಪುಡಿ ಗಾಳಿಗೆ ಏಳುವಾಗ. ಡಬ್ಬಿ ತೆರೆಯುವಾಗ, ತೂಗುವಾಗ, ಸುರಿಯುವಾಗ, ಆಮೇಲೆ ಮೇಜು ಗುಡಿಸುವಾಗ. ಒಮ್ಮೆ ಪಾಲಿಮರಿನೊಳಗೆ ಸೇರಿ ಗಟ್ಟಿಯಾದ ಮೇಲೆ ಅದು ಸುಮ್ಮನೆ ಹೊರಗೆ ಬರುವುದಿಲ್ಲ. ಗರಗಸ ಹಾಕಿದರೆ, ಉಜ್ಜಿದರೆ, ಸುಟ್ಟರೆ ಮತ್ತೆ ಜಾಗ್ರತೆ ಬೇಕು. ಸರಿಯಾದ ಪ್ರಯೋಗಾಲಯದಲ್ಲಿ ಒಣಪುಡಿಯನ್ನು ಗಾಳಿ ಎಳೆದುಕೊಳ್ಳುವ ಗೂಡಿನಲ್ಲೋ, ಕೈಗವಸು ಜೋಡಿಸಿದ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲೋ ಮುಟ್ಟುತ್ತಾರೆ. ಆದಷ್ಟು ಬೇಗ ದ್ರವಕ್ಕೆ ಹಾಕಿಬಿಡುತ್ತಾರೆ. ಪೊರಕೆ ಹಿಡಿಯುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಮುಖಕ್ಕೆ ಸರಿಯಾದ ಮಾಸ್ಕು, ಕರ್ಚೀಫಲ್ಲ.

ಇಷ್ಟನ್ನು ನಾನು ಆ ಅಮ್ಮನಿಗೆ ಫೋನಿನಲ್ಲೇ ಮೊದಲು ಹೇಳಿದೆ. ರಬ್ಬರ್ ಬ್ಯಾಂಡು, ಮುದ್ದೆಯ ಗಂಟು ಎಲ್ಲ ಕೇಳಿಸಿಕೊಂಡು, "ಹಾಗಾದರೆ ಒಂದೇ ಪ್ರಶ್ನೆ ಕೇಳಿದರೆ ಸಾಕಲ್ವಾ, ಒಣಪುಡಿ ಎಲ್ಲಿ ಮುಟ್ತೀಯ ಅಂತ?" ಎಂದರು. ಮರು ಭಾನುವಾರ ಫೋನ್-ಇನ್ ಶುರುವಾಗುವ ಮೊದಲೇ ಅವರ ಕರೆ. ಮಗಳು ಗಾಜಿನ ಪೆಟ್ಟಿಗೆಯೊಳಗೇ ತೂಗುತ್ತಾಳಂತೆ, ಮಾಸ್ಕೂ ಇದೆಯಂತೆ. ಆದರೆ ಮಾದರಿ ಉಜ್ಜುವ ಕಡೆ ಹುಡುಗರು ಒಣದಾಗಿಯೇ ಉಜ್ಜುತ್ತಾರೆ, ನೀನು ಕೇಳಿದ್ದು ಒಳ್ಳೆಯದಾಯ್ತು, ಗೈಡ್ ಹತ್ತಿರ ಹೇಳ್ತೀನಿ ಎಂದಳಂತೆ. "ಆಮೇಲೆ ಗಂಟು ಒಡೀತೇನೇ ಅಂತ ಕೇಳಿದೆ ನೋಡಮ್ಮ" ಎಂದರು ಅಮ್ಮ. "ಒಂದು ನಿಮಿಷ ಸುಮ್ಮನಾದಳು. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದಳು. ಇನ್ನೂ ಪೂರ್ತಿ ಒಡೆದಿಲ್ಲವಂತೆ."